ಹಿಂದಿನ ಚಕ್ರಗಳಿಗೂ ನಿಂಬೆಹಣ್ಣು

ಆಯುಧಪೂಜೆಯ ದಿನ ಕಾರಿನ ನಾಲ್ಕು ಚಕ್ರಗಳ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿ, ಪಚಕ್ ಪಚಕ್ ಎಂಬ ನಾಲ್ಕು ಸದ್ದು ಕೇಳಿ ಧನ್ಯರಾಗುವ ಅಸಂಖ್ಯ ಕನ್ನಡಿಗರಲ್ಲಿ ನಾನೂ ಒಬ್ಬ. ಹೊಳಲ್ಕೆರೆಯ ಸಂತೆಯಲ್ಲಿ ಹಣ್ಣು ಆರಿಸುವಾಗ ಗಾತ್ರದಲ್ಲಿ ಸಮಾನತೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಮುಂದಿನ ಚಕ್ರಕ್ಕೆ ದಪ್ಪದ್ದು, ಹಿಂದಿನದಕ್ಕೆ ಪೀಚಲು ಎಂಬ ಭೇದಭಾವ ನನ್ನಲ್ಲಿಲ್ಲ. ನಾಲ್ಕೂ ವರ್ಷವಿಡೀ ದುಡಿದಿವೆ, ನಾಲ್ಕಕ್ಕೂ ಸಮಾನ ಮರ್ಯಾದೆ ಸಲ್ಲಲಿ ಎಂಬ ನ್ಯಾಯಬುದ್ಧಿಯಿಂದ ಹದಿನಾಲ್ಕು ವರ್ಷ ಈ ಸೇವೆ ನಡೆಸಿದ ಮೇಲೆ, ಈ ಸಲದ ದಸರೆಗೆ ಇನ್ನೆರಡು ತಿಂಗಳಿರುವಾಗ, ಚಿತ್ರದುರ್ಗದ ಒಂದು ಗ್ಯಾರೇಜಿನಲ್ಲಿ ನಿಂತು ನಾನು ಕೇಳಿದ ಸುದ್ದಿ ಏನೆಂದರೆ, ನನ್ನ ಕಾರಿನ ಹಿಂದಿನ ಎರಡು ಚಕ್ರಗಳು ಇದುವರೆಗೆ ಯಾವ ಕೆಲಸವನ್ನೂ ಮಾಡಿಲ್ಲ.

ನಿಮಗೆ ಇದು ಮೊದಲೇ ಗೊತ್ತಿದ್ದರೆ ದಯವಿಟ್ಟು ನಗಬೇಡಿ. ಇದನ್ನು ಹೇಳಿದವರು ಗ್ಯಾರೇಜಿನ ಯಜಮಾನರಾದ ಖಲೀಲ್ ಸಾಬರು. ಅವರ ಅಜ್ಜ ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಬಿಗಿಯುತ್ತಿದ್ದರಂತೆ, ತಂದೆ ಸೈಕಲ್ ಅಂಗಡಿ ಇಟ್ಟಿದ್ದರಂತೆ. ಮೂರು ತಲೆಮಾರಿನಿಂದ ಚಕ್ರವನ್ನೇ ನಂಬಿದ ಮನೆತನದವರು ಚಕ್ರದ ವಿಷಯದಲ್ಲಿ ಸುಳ್ಳು ಹೇಳಲಾರರು. "ಮುಂದಿನ್ವು ಎರಡು ಎಳೀತವೆ ಸಾರ್. ಹಿಂದಿನ್ವು ಸುಮ್ನೆ ಜತೆಗೆ ಬರ್ತವೆ, ಅಷ್ಟೇ" ಎಂದು ಅವರು ಸ್ಪ್ಯಾನರಿನಿಂದ ಹಿಂದಿನ ಟೈರನ್ನು ತಟ್ಟಿ ತೋರಿಸಿದರು. ಆ ಟೈರು ನನ್ನತ್ತ ನೋಡಿಯೂ ನೋಡದ ಹಾಗೆ ನಿಂತಿತ್ತು.

ಅವಮಾನದ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನು. ಘರ್ಷಣೆಯ ಪಾಠ ನನ್ನ ಅಚ್ಚುಮೆಚ್ಚಿನದು. ಕಾರು ವೃತ್ತಾಕಾರದ ರಸ್ತೆಯಲ್ಲಿ ಚಲಿಸುವಾಗ, ಕಾರು ಇಳಿಜಾರಿನಲ್ಲಿ ನಿಂತಾಗ, ಕಾರು ಏಕರೂಪ ವೇಗೋತ್ಕರ್ಷದಿಂದ ಹೊರಟಾಗ, ಹೀಗೆ ಕರಿಹಲಗೆಯ ಮೇಲೆ ನಾನು ಓಡಿಸಿದ ಕಾರುಗಳಿಗೆ ಲೆಕ್ಕವಿಲ್ಲ. ಆದರೆ ಕರಿಹಲಗೆಯ ಮೇಲೆ ಕಾರು ಎಂದರೆ ಒಂದು ಚೌಕ, ಅದರ ಮೂತಿಗೊಂದು ಬಾಣ. ಚೌಕಕ್ಕೆ ಚಕ್ರ ಬರೆಯುವ ಸಂದರ್ಭ ಒಮ್ಮೆಯೂ ಒದಗಿರಲಿಲ್ಲ.

ಅಂದಹಾಗೆ, ಇದು ಆ ದಿನದ ಮೂರನೆಯ ಆಘಾತ. ಮೊದಲನೆಯದು ಬೆಳಿಗ್ಗೆ ಮೂಳೆ ಡಾಕ್ಟರ ಕೋಣೆಯಲ್ಲಿ ಬಿದ್ದಿತ್ತು. ನನ್ನ ಹೆಂಡತಿ ರತ್ನಮ್ಮನ ಬಲಮೊಣಕಾಲು ಕೆಲವು ತಿಂಗಳಿಂದ ಊದಿಕೊಳ್ಳುತ್ತಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಈ ಪರಿ ಸವೆಯಬೇಕಾದರೆ ಭಾರದ ಕೆಲಸ ಏನು ಮಾಡುತ್ತೀರಿ ಎಂದು ಕೇಳಿದರು. ಅವಳು ಸೊಪ್ಪು ಸೋಸುತ್ತೇನೆ ಎನ್ನುವಷ್ಟೇ ಸಹಜವಾಗಿ, "ಕಾರು ತಳ್ತೀನಿ ಸಾರ್" ಎಂದಳು. ಡಾಕ್ಟರು ತಿರುಗಿ ನನ್ನನ್ನು ನೋಡಿದರು. ಆ ನೋಟದಿಂದ ತಪ್ಪಿಸಿಕೊಳ್ಳಲು ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಇನ್ನು ಮೇಲೆ ತಳ್ಳುವ ಮಾತೇ ಕೂಡದು ಎಂದು ಅವರು ಚೀಟಿಯಲ್ಲಿ ಬರೆದೇಬಿಟ್ಟರು.

ಅವಳು ಕಾರು ತಳ್ಳುತ್ತಿದ್ದುದು ನಿಜ. ಹಿರಿಯೂರಿನ ಆಚೆ ಅವಳ ತಂದೆ ಅವಳ ಹೆಸರಿಗೇ ಬರೆದುಕೊಟ್ಟ ಎರಡೆಕರೆ ಎರೆಹೊಲವಿದೆ. ಅವರದು ಕುರಿ ಸಾಕಿ, ಹೊಲ ಉಳುವ ಮನೆತನ. ಗಂಡುಮಕ್ಕಳಿಗೆ ಹೊಲ, ಹೆಣ್ಣುಮಕ್ಕಳಿಗೆ ಸೀರೆ ಎನ್ನುತ್ತಿದ್ದ ಕಾಲದಲ್ಲೂ ಆ ಹಿರಿಯರು ಮಗಳನ್ನು ಬದುವಿನ ಮೇಲೆ ನಿಲ್ಲಿಸಿ, ಇಲ್ಲಿಂದ ಅಲ್ಲಿಗೆ ನಿಂದು ಎಂದು ಕೋಲಿನಿಂದ ತೋರಿಸಿದ್ದರಂತೆ. ಅಲ್ಲಿ ಕಡಲೆಯೋ ಸೂರ್ಯಕಾಂತಿಯೋ ಬೆಳೆಯುತ್ತದೆ, ಕೆಲವೊಮ್ಮೆ ಏನೂ ಬೆಳೆಯುವುದಿಲ್ಲ. ಆದರೂ ಭಾನುವಾರ ಬಂತೆಂದರೆ ಅವಳಿಗೆ ಅಲ್ಲಿಗೆ ಹೋಗಬೇಕು. ಹೆದ್ದಾರಿ ಬಿಟ್ಟ ಮೇಲೆ ಮೂರು ಕಿಲೋಮೀಟರ್ ಗಾಡಿಜಾಡು. ನಮ್ಮ ಸೀಮೆಗೆ ಮಳೆ ಬರುವುದೇ ಅಪರೂಪ. ಬಂದಾಗ ಮಾತ್ರ ಆ ಕಪ್ಪು ಮಣ್ಣು ಟೈರಿಗೆ ಮೆತ್ತಿಕೊಂಡು, ಮುಂದೆ ಬಿಡದೆ ಹಿಂದೆ ಕಳಿಸದೆ ಹಿಡಿದು ಕೂರಿಸುತ್ತದೆ.

ಹಾಗೆ ಸಿಕ್ಕಿಕೊಂಡಾಗಲೆಲ್ಲ ನಮ್ಮಲ್ಲೊಂದು ಕ್ರಮವಿತ್ತು. ಸ್ಟೀರಿಂಗ್ ಹಿಡಿದವನು ಇಳಿಯಬಾರದು. ನಾನು ಒಳಗೆ ಕುಳಿತು ಆಕ್ಸಿಲರೇಟರ್ ಒತ್ತುವುದು, ಅವಳು ಹಿಂದಿನಿಂದ ಡಿಕ್ಕಿಗೆ ಭುಜ ಕೊಟ್ಟು ತಳ್ಳುವುದು. ಕೆಸರು ಸಿಡಿಯುತ್ತದೆಂದು ನಾನು ಗಾಜು ಏರಿಸಿಕೊಳ್ಳುತ್ತಿದ್ದೆ. ಗಾಡಿ ಒಮ್ಮೆ ಎದ್ದಿತೆಂದರೆ ಮತ್ತೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಹೂತುಕೊಳ್ಳುತ್ತದೆ. ಆದ್ದರಿಂದ ನೇರವಾಗಿ ಹುಣಿಸೆಮರದ ಬುಡದ ಗಟ್ಟಿ ನೆಲದವರೆಗೆ ಓಡಿಸಿಕೊಂಡು ಹೋಗಿ, ಅಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದೆ. 'ಗೆದ್ದೆವು, ಬಾ' ಎಂಬ ವಿಜಯಧ್ವನಿ ಅದು ಎಂದೇ ನನ್ನ ಭಾವನೆ. ಅವಳು ಫರ್ಲಾಂಗು ದೂರದಿಂದ, ಕೈಯಲ್ಲಿ ಚಪ್ಪಲಿ ಹಿಡಿದು, ಸೀರೆ ಎತ್ತಿಕಟ್ಟಿ ನಡೆದು ಬರುವಾಗ ನಾನು ಕನ್ನಡಿಯಲ್ಲಿ ನೋಡುತ್ತಾ ಎರಡು ಮೂರು ಸಲ ಹಾರ್ನ್ ಹೊಡೆದು ಹುರಿದುಂಬಿಸುವುದೂ ಇತ್ತು. ಹದಿನಾಲ್ಕು ವರ್ಷ ಇದು ನನಗೆ ಸಾಂಸಾರಿಕ ಸಹಕಾರದ ಆದರ್ಶವಾಗಿಯೇ ಕಂಡಿತ್ತು, ನನ್ನನ್ನು ಏನೆನ್ನಬೇಕೋ ನೀವೇ ಅಂದುಕೊಳ್ಳಿ.

ಎರಡನೆಯ ಆಘಾತ ಡಾಕ್ಟರ ಕೋಣೆಯಿಂದ ಹೊರಟು ಕಾರಿನಲ್ಲಿ ಕುಳಿತಾಗ ಬಂತು. ರತ್ನ ಚೀಟಿಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡು, "ಹೊಲ ಕೊಟ್ಬಿಡಾಣ್ರಿ" ಎಂದಳು. ಪಕ್ಕದ ಹೊಲದವರು ಬಹಳ ದಿನದಿಂದ ಕೇಳುತ್ತಿದ್ದಾರೆ, ದಸರೆ ಕಳೆದ ಮೇಲೆ ಹೇಳುತ್ತೇನೆ ಅಂದಿದ್ದೇನೆ ಎಂದಳು. ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಒಂದು ಸೀರೆಯ ಬಣ್ಣಕ್ಕೂ ಹಠ ಹಿಡಿಯದವಳು ಹಠ ಹಿಡಿದದ್ದು ಆ ಹೊಲದ ಭಾನುವಾರಕ್ಕೆ ಮಾತ್ರ. ಅದನ್ನೇ ಇವಳು ಹೀಗೆ, ಬೇಡವಾದ ಪಾತ್ರೆ ಕೊಟ್ಟುಬಿಡುವವಳಂತೆ ಹೇಳಿದ್ದು ಕೇಳಿ ನನ್ನ ಕಾಲು ಯಾವುದರ ಮೇಲಿದೆ ಎಂಬುದೇ ಮರೆಯಿತು. ಕ್ಲಚ್ಚು ಅರ್ಧ ಒತ್ತಿಕೊಂಡೇ ಇಡೀ ಊರು ದಾಟಿದೆನಾದ್ದರಿಂದ ಸುಟ್ಟ ವಾಸನೆ ಬಂದು, ಖಲೀಲ್ ಸಾಬರ ಗ್ಯಾರೇಜಿನ ಮುಂದೆ ನಿಲ್ಲಿಸಬೇಕಾಯಿತು. ಮೂರನೆಯ ಆಘಾತ ಅಲ್ಲಿ ಕಾದಿತ್ತು.

ಆದರೆ ಆ ಮೂರನೆಯದರ ಜೊತೆಗೇ ಒಂದು ಆಶೆಯೂ ಹುಟ್ಟಿತು. ಎರಡೇ ಚಕ್ರ ಎಳೆಯುವುದರಿಂದಲ್ಲವೇ ನಾವು ಹೂತುಕೊಳ್ಳುವುದು? ನಾಲ್ಕೂ ಎಳೆಯುವ ಕಾರು ಇಲ್ಲವೇ? "ಐತಲ್ಲ" ಎಂದು ಖಲೀಲ್ ಸಾಬರು ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರೊಂದನ್ನು ತೋರಿಸಿದರು. ಗ್ರಾನೈಟ್ ವ್ಯಾಪಾರಿಯೊಬ್ಬರು ಮಾರಲು ಬಿಟ್ಟುಹೋದ ವಿದೇಶಿ ಕಂಪನಿಯ ಸೆಡಾನ್. ಬಹಳ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಮುಂದಿನ ಚಕ್ರ ಜಾರಿದರೆ ಎಂಜಿನ್ನಿನ ಬಲ ತಾನಾಗಿಯೇ ಹಿಂದಿನವಕ್ಕೆ ಹರಿಯುವಂಥದ್ದು. ಜೀಪು ಏಕಾಗಬಾರದು ಎಂದು ನೀವು ಕೇಳಬಹುದು, ಅವರೂ ಕೇಳಿದರು. ಜೀಪು ಎತ್ತರ, ಸವೆದ ಮೊಣಕಾಲಿನವಳು ಅದಕ್ಕೆ ಹತ್ತುವುದು ಹೇಗೆ? ಈ ಕಾರಿನ ಸೀಟು ತಗ್ಗು, ಬಾಗಿಲು ತೆಗೆದರೆ ಸಾಕು, ಮಂಚದ ಮೇಲೆ ಕುಳಿತಂತೆ ಕುಳಿತುಕೊಳ್ಳಬಹುದು. ಮೊಣಕಾಲಿಗೆ ತಗ್ಗಿನ ಸೀಟು, ಕೆಸರಿಗೆ ನಾಲ್ಕು ಚಕ್ರದ ಬಲ, ರತ್ನಳಿಗೆ ಹೊಲ. ನನ್ನ ತರ್ಕಕ್ಕೆ ನಾನೇ ಬೆರಗಾದೆ. ಬೆಲೆ ಕೇಳಿದಾಗ ಮಾತ್ರ ಕುಳಿತುಕೊಳ್ಳಲು ಕುರ್ಚಿ ಬೇಕಾಯಿತು. ಖಲೀಲ್ ಸಾಬರು ಟೀ ತರಿಸಿದರು.

ಮುಂದಿನ ಎರಡು ವಾರ ನಾನು ಅನುಭವಿಸಿದ ದ್ವಂದ್ವವನ್ನು ವರ್ಣಿಸಲಾರೆ. ಕೊಳ್ಳಲೇ, ಬಿಡಲೇ ಎಂದು ಹಾಳೆಯ ಎರಡು ಪಕ್ಕ ಬರೆದೆ. ಕೊಳ್ಳಬೇಕು ಎಂಬ ಪಕ್ಕದಲ್ಲಿ 'ರತ್ನಳ ಹೊಲ' ಎಂಬ ಎರಡೇ ಶಬ್ದ, ಬೇಡ ಎಂಬ ಪಕ್ಕದಲ್ಲಿ ಹಾಳೆ ಸಾಲದಷ್ಟು ಕಾರಣ. ಆದರೂ ತಕ್ಕಡಿ ಮೊದಲಿನ ಪಕ್ಕಕ್ಕೇ ವಾಲುತ್ತಿತ್ತು. ಹೊಸದುರ್ಗಕ್ಕೆ ಒಂದು ಮದುವೆಗೆ ಹೋದಾಗ ಊಟದ ಎಲೆಯ ಮುಂದೆ ಕುಳಿತು ಅಕ್ಕಪಕ್ಕದವರಿಗೆ ನಾಲ್ಕು ಚಕ್ರದ ತತ್ತ್ವ ವಿವರಿಸಿದೆ. ನಾನು ಬಾಯಿ ಮುಚ್ಚುವಷ್ಟರಲ್ಲಿ ಪಾಯಸ ಮುಂದಿನ ಸಾಲು ದಾಟಿತ್ತು. ಕೊನೆಗೆ ನಿರ್ಣಯ ಹೇಳಿದವನು ರತ್ನಳ ತಮ್ಮ, ಕುರಿ ಸಾಕುವ ತಿಪ್ಪೇಶಿ. ಅವರಲ್ಲಿ ಟಗರು ಕೊಳ್ಳುವಾಗ ಸಂತೆಯಲ್ಲೇ ವ್ಯಾಪಾರ ಮುಗಿಸುವುದಿಲ್ಲವಂತೆ. ಒಂದು ದಿನ ತಮ್ಮ ನೆಲದ ಮೇಲೆ ನಡೆಸಿ ನೋಡಿದ ಮೇಲೆಯೇ ಮಾತು. "ತಗಂಡ್ ಬರ್ರಿ ಭಾವ, ನಮ್ ಹೊಲದಾಗೆ ಒಂದ್ ದಿನ ನಡೆಸಿ ನೋಡಾಣ" ಎಂದು ಫೋನಿನಲ್ಲಿ ಹೇಳಿದ. ಖಲೀಲ್ ಸಾಬರು ಒಂದು ದಿನದ ಮಟ್ಟಿಗೆ ಕೀಲಿ ಕೊಟ್ಟರು.

ಆ ಭಾನುವಾರದ ಹಿಂದಿನ ಎರಡು ದಿನ, ನನ್ನ ಪುಣ್ಯವೋ ಪಾಪವೋ, ಒಳ್ಳೆಯ ಮಳೆ. ರತ್ನಳನ್ನು ತಗ್ಗಿನ ಸೀಟಿನಲ್ಲಿ ರಾಣಿಯಂತೆ ಕೂರಿಸಿಕೊಂಡು, ಇವತ್ತು ನೀನು ಇಳಿಯುವ ಪ್ರಶ್ನೆಯೇ ಇಲ್ಲ ಎಂದು ಘೋಷಿಸಿ, ಹೆದ್ದಾರಿ ಬಿಟ್ಟು ಜಾಡಿಗೆ ಇಳಿಸಿದೆ. ಆಹಾ, ಮೊದಲ ಒಂದು ಕಿಲೋಮೀಟರು! ನಾಲ್ಕು ಚಕ್ರಗಳೂ ಮಣ್ಣನ್ನು ಕಚ್ಚಿ ಹಿಡಿದು ನಡೆದದ್ದನ್ನು ಕಂಡು ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡನೆಯ ಕಿಲೋಮೀಟರಿನಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಜಾಡಿನ ಎರಡು ಪಕ್ಕ ಆಳ, ನಡುವೆ ದಿಬ್ಬ. ಕೆಳಗಿನಿಂದ ಗರ್ ಎಂದು ಒಂದು ಸದ್ದು ಬಂತು, ಕಾರು ನಿಂತಿತು. ಆಕ್ಸಿಲರೇಟರ್ ಒತ್ತಿದೆ. ನಾಲ್ಕು ಚಕ್ರಗಳೂ ಸಮಾನ ಶ್ರದ್ಧೆಯಿಂದ ತಿರುಗಿದವು, ಕಾರು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

ಎದುರಿನಿಂದ ಬಂದ ತಿಪ್ಪೇಶಿ ಕುಕ್ಕರುಗಾಲಲ್ಲಿ ಕುಳಿತು ಕಾರಿನ ಅಡಿ ನೋಡಿದ. "ಕಾಲು ಗಿಡ್ಡ ಆತಲ್ಲ ಭಾವ ಇದ್ರದ್ದು. ಹೊಟ್ಟೆ ದಿಬ್ಬದ ಮೇಲೆ ಕುಂತೈತೆ. ಇನ್ನ ಗಾಲಿ ನಾಲ್ಕಿದ್ರೇನು, ನಲವತ್ತಿದ್ರೇನು?" ಎಂದ. ಯಾವ ತಗ್ಗಿನ ಸೀಟಿಗೆ ಮರುಳಾಗಿ ಈ ಕಾರನ್ನು ಆರಿಸಿದ್ದೆನೋ, ಆ ತಗ್ಗೇ ಅದನ್ನು ಹೂತು ಕೂರಿಸಿತ್ತು. ಹಾಳೆಯ ಎರಡೂ ಪಕ್ಕದಲ್ಲಿ ಈ ಒಂದು ಸಾಲು ಎಲ್ಲಿಯೂ ಇರಲಿಲ್ಲ.

ಅವನು ಟ್ರ್ಯಾಕ್ಟರ್ ತಂದು, ಸರಪಳಿ ಬಿಗಿದು, ಎಳೆಯುವ ಮುಂಚೆ ಅಕ್ಕನ ಕಡೆ ತಿರುಗಿ, "ನೀನ್ ಹಿಡಿದಿದ್ರೆ ಹಿಂಗೆ ಸಿಗಿಸ್ತಿರ್ಲಿಲ್ಲ ಬಿಡಕ್ಕ" ಎಂದ. ಏನು ಹಾಗೆಂದರೆ ಎಂದೆ. "ಅಲ್ಲ ಭಾವ, ಮದುವೆಗೆ ಮುಂಚೆ ಇಡೀ ಹೊಲ ಟ್ರ್ಯಾಕ್ಟರ್‌ನಾಗೆ ಉಳ್ತಿದ್ದೋಳು ಅಕ್ಕನೇ ಅಲ್ವಾ? ಈ ಜಾಡಿನಾಗೆ ಎಲ್ಲಿ ಕರಿಕೆ ಹುಲ್ಲಿನ ಬೇರು ಹಿಡ್ಕಂಡೈತೆ, ಎಲ್ಲಿ ಬರೀ ಕೆಸರು ಅಂತ ಅಕ್ಕಗೆ ಗೊತ್ತೈತೆ. ನಿಮಗೆ ಹೇಳಿಲ್ವಾ?"

ಶಿವಶಿವಾ! ನಾನು ರತ್ನಳ ಮುಖ ನೋಡಿದೆ. ಮೂವತ್ತನಾಲ್ಕು ವರ್ಷ! ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀವು ಕೇಳ್ಲಿಲ್ಲ" ಎಂದಳು. "ಹಿಂದೆ ನಿಂತು ಮೆಲ್ಲಗೆ ಮೆಲ್ಲಗೆ ಅಂತ ಪ್ರತೀ ಸಲಾನೂ ಕೂಗ್ತಿದ್ದೆ. ಗಾಜು ಏರ್ಸಿರ್ತಿದ್ರಿ" ಎಂದೂ ಸೇರಿಸಿದಳು. ಅವಳ ದನಿಯಲ್ಲಿ ಆಕ್ಷೇಪವೇ ಇರಲಿಲ್ಲ, ನನಗೆ ಅದೇ ತಡೆಯಲಾಗಲಿಲ್ಲ. ಜಾರದೆ ಕಚ್ಚಿ ಹಿಡಿದ ಚಕ್ರಕ್ಕೆ ಸಿಗುವ ಘರ್ಷಣೆ ಜಾರತೊಡಗಿದ ಚಕ್ರಕ್ಕೆ ಸಿಗುವುದಿಲ್ಲ ಎಂದು ಮೂವತ್ತೊಂದು ವರ್ಷ ಸೀಮೆಸುಣ್ಣ ಸವೆಸಿ ಕಲಿಸಿದವನು ನಾನು. ಕೆಸರಿನಲ್ಲಿ ಆಕ್ಸಿಲರೇಟರ್ ತುಳಿದು ಚಕ್ರವನ್ನು ಜಾರಿಸಿ, ಇನ್ನಷ್ಟು ಆಳಕ್ಕೆ ಹೂಳುತ್ತಾ ಬಂದವನೂ ನಾನೇ. ನಾನು ಹೂತದ್ದನ್ನು ಹದಿನಾಲ್ಕು ವರ್ಷ ಅವಳು ಮೊಣಕಾಲು ಕೊಟ್ಟು ಎತ್ತಿದ್ದಳು.

ಮರುದಿನ ಕಾರನ್ನು ತೊಳೆಸಿ ಗ್ಯಾರೇಜಿಗೆ ಒಪ್ಪಿಸಿದೆ. ಖಲೀಲ್ ಸಾಬರು ಅಡಿಗೆ ಬಗ್ಗಿ, ಬೆರಳಿನಿಂದ ಎರೆಮಣ್ಣು ಕೆರೆದು ತೆಗೆದು, ವಿಷಯ ಅರ್ಥಮಾಡಿಕೊಂಡು, ಮತ್ತೆ ಟೀ ತರಿಸಿದರು. ಅಲ್ಲಿಂದ ಎದ್ದವನು ರತ್ನಳನ್ನು ಕರೆದುಕೊಂಡು ಹೋಗಿ ಕಲಿಯುವವರ ಲೈಸೆನ್ಸಾದ ಎಲ್ಎಲ್‌ಗೆ ಅರ್ಜಿ ಹಾಕಿಸಿದೆ. ಬಲಮೊಣಕಾಲಿಗೆ ತೊಂದರೆಯಾದೀತೇ ಎಂದು ಡಾಕ್ಟರನ್ನು ಕೇಳಿದ್ದಕ್ಕೆ, ಪಾದ ಒತ್ತಿದರೆ ಪರವಾಗಿಲ್ಲ, ಭುಜ ಕೊಡಬಾರದು ಅಷ್ಟೇ ಎಂದರು. ಐವತ್ತೆಂಟು ವರ್ಷದ ಹೆಂಗಸು ಓಡಿಸುವ ಹಳೆಯ ಕಾರಿನ ಹಿಂದೆ ಕೆಂಪಕ್ಷರದ ಎಲ್ ಅಂಟಿಸಿಕೊಂಡು ನಾವು ಹೊಳಲ್ಕೆರೆಯಲ್ಲಿ ಓಡಾಡಿದಾಗ ಜನ ತಿರುಗಿ ನೋಡಿದರು. ಎರಡೇ ದಿನಕ್ಕೆ ಅವಳ ಕೈ ಪಳಗಿತು ಎನ್ನುವುದಕ್ಕಿಂತ, ಪಳಗಿದ್ದು ನೆನಪಾಯಿತು ಎನ್ನಬೇಕು.

ದಸರೆಗೆ ಹತ್ತು ದಿನ ಮುಂಚಿನ ಭಾನುವಾರ ಮಳೆಯಲ್ಲೇ ಹೊರಟೆವು. ಜಾಡಿಗೆ ಇಳಿಯುವಾಗ ಅವಳು ತನ್ನ ಕಡೆಯ ಗಾಜು ಇಳಿಸಿದಳು. ಗಾಲಿಯ ಸದ್ದು ಕೇಳಬೇಕಂತೆ. ಆಳದ ಗುರುತುಗಳನ್ನು ಬಿಟ್ಟು, ಅಂಚಿನ ಕರಿಕೆಯ ಮೇಲೆ ಒಂದು ಗಾಲಿ, ನಡುದಿಬ್ಬದ ಮೇಲೆ ಇನ್ನೊಂದು ಗಾಲಿ ಇಟ್ಟು, ಉಸಿರಾಡುವಷ್ಟೇ ಮೆಲ್ಲಗೆ ನಡೆಸಿದಳು. ಅದೇ ಕಾರು, ಅವೇ ಎರಡು ದುಡಿಯುವ ಚಕ್ರ, ಅವೇ ಎರಡು ಸೋಮಾರಿ ಚಕ್ರ. ನಾನು ವರ್ಷಕ್ಕೆ ಐದಾರು ಕಡೆ ಹೂತುಕೊಳ್ಳುತ್ತಿದ್ದ ಹಾದಿಯಲ್ಲಿ ಅವಳು ನಿಂತದ್ದು ಒಂದೇ ಕಡೆ, ಹಳ್ಳದ ಏರಿನಲ್ಲಿ. ಅವಳು ನನ್ನತ್ತ ನೋಡಿದಳು. ನಾನು ಬಾಗಿಲು ತೆಗೆದು ಇಳಿದೆ.

ಕಾರಿನ ಹಿಂಭಾಗವನ್ನು ತಳ್ಳುವವರ ಕಣ್ಣಿನಿಂದ ನಾನು ಎಂದೂ ನೋಡಿರಲಿಲ್ಲ. ಭುಜ ಎಲ್ಲಿ ಕೊಡಬೇಕೆಂದು ತಿಳಿಯದೆ ತಡವರಿಸಿದಾಗ, ಡಿಕ್ಕಿಯ ಬಲಮೂಲೆಯಲ್ಲಿ ಬಣ್ಣ ಮಾಸಿ ನುಣುಪಾದ ಅಂಗೈಯಗಲದ ಒಂದು ಗುರುತು ಕಂಡಿತು. ಹದಿನಾಲ್ಕು ವರ್ಷ ಕಾರು ತೊಳೆದವನು, ಅದು ಬಿಸಿಲಿಗೆ ಹೋದ ಬಣ್ಣ ಎಂದುಕೊಂಡಿದ್ದೆ. ಅಲ್ಲೇ ಭುಜವಿಟ್ಟು ತಳ್ಳಿದೆ. ಕಾಲು ಮೊಣಕಾಲುಮಟ್ಟ ಇಳಿಯಿತು, ಬಾಯಿಗೆ ಮಣ್ಣು ಬಂತು, ಸೊಂಟ ಎಲ್ಲಿದೆಯೆಂದು ಮೊದಲ ಸಲ ನಿಖರವಾಗಿ ತಿಳಿಯಿತು. ಕಾರು ಎದ್ದು ಹೊರಟೇಹೋಯಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸುವಂತಿಲ್ಲ. ಒಂದು ಚಪ್ಪಲಿ ಮಣ್ಣಿನೊಳಗೆ, ಇನ್ನೊಂದು ಕೈಯಲ್ಲಿ. ಮುಖ ಒರೆಸಿಕೊಳ್ಳುತ್ತಾ ನಾನು ಹಾರ್ನ್‌ಗಾಗಿ ಕಾಯತೊಡಗಿದೆ.

ಅಂಥ ಸ್ಥಿತಿಯಲ್ಲಿ ಆ ಸದ್ದು ಹೇಗೆ ಕೇಳಿಸಬಹುದೆಂದು ನನಗೆ ಆಗಲೇ ಹೊಳೆದದ್ದು. ಬೆಚ್ಚಗೆ ಒಳಗೆ ಕುಳಿತವನು, ಮಳೆಯಲ್ಲಿ ಕಾಲು ಕಿತ್ತಿಡುತ್ತಿರುವವಳಿಗೆ, ದೂರದಿಂದ ಪೋಂ ಪೋಂ ಎನ್ನುವುದು. ಬೇಗ ಬಾ ಎಂದಲ್ಲದೆ ಅದಕ್ಕೆ ಬೇರೆ ಅರ್ಥವೇ ಇರಲು ಸಾಧ್ಯವಿರಲಿಲ್ಲ. ಅಯ್ಯೋ ರತ್ನ, ಎಷ್ಟು ಸಲ ಹೊಡೆದಿದ್ದೆ! ಅದು ಈಗ ಬಂದೀತು, ಬರಲಿ, ನನಗೆ ಆಗಬೇಕಾದದ್ದೇ ಎಂದುಕೊಂಡು ಹೆಜ್ಜೆ ಕಿತ್ತಿಡುತ್ತಾ ನಡೆದೆ. ಹಾರ್ನ್ ಬರಲಿಲ್ಲ. ತಿರುವಿನಲ್ಲಿ ಹುಣಿಸೆಮರ ಕಂಡಿತು. ಅವಳು ಕಾರಿನಿಂದ ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ನಾನು ಬರುವ ದಾರಿಯನ್ನೇ ನೋಡುತ್ತಾ ಹನಿಮಳೆಯಲ್ಲಿ ನಿಂತಿದ್ದಳು.

"ಹಾರ್ನ್ ಯಾಕೆ ಹೊಡೀಲಿಲ್ಲ?" ಎಂದು ಕೇಳಿದೆ.

"ಬರ್ತಾ ಇರೋರಿಗೆ ಯಾಕೆ ಹೊಡೀಬೇಕು?" ಎಂದಳು.

ಈ ಎರಡು ತಿಂಗಳಲ್ಲಿ ನಾನು ತಿಂದ ಆಘಾತಗಳಲ್ಲಿ ಇದರಷ್ಟು ಮೆಲ್ಲಗಿನದು ಇನ್ನೊಂದಿಲ್ಲ, ಇದರಿಂದ ಇನ್ನೂ ಚೇತರಿಸಿಕೊಂಡೂ ಇಲ್ಲ. ಅವತ್ತು ಹೊಲದ ಬದುವಿನ ಮೇಲೆ ನಿಂತು ಅವಳು ಪಕ್ಕದ ಹೊಲದವರನ್ನು ಕರೆದು, ಕೊಡುವುದಿಲ್ಲ ಎಂದು ಹೇಳಿದಳು.

ಆಯುಧಪೂಜೆಗೆ ಸಂತೆಯಲ್ಲಿ ನಿಂಬೆಹಣ್ಣು ಆರಿಸುವಾಗ ಹಿಂದಿನ ಚಕ್ರಗಳನ್ನು ಕೈಬಿಡಲು ಮನಸ್ಸು ಬರಲಿಲ್ಲ. ಕೆಲಸ ಮಾಡದೆ ಜತೆಗೆ ಬಂದವರ ಕಷ್ಟಸುಖ ನನಗಿಂತ ಚೆನ್ನಾಗಿ ಬಲ್ಲವರಾರು? ನಾಲ್ಕು ಆರಿಸಿ, ಐದನೆಯದಕ್ಕೂ ಕೈ ಹಾಕಿದೆ. ಎಲ್ಲಕ್ಕಿಂತ ದಪ್ಪದ್ದು. "ಸ್ಟೆಪ್ನಿಗೂ ಇಡ್ತೀರಾ ಮೇಷ್ಟ್ರೇ?" ಎಂದು ಹಣ್ಣಿನವಳು ನಕ್ಕಳು. ಮನೆಗೆ ಬಂದು ನಾಲ್ಕನ್ನು ಚಕ್ರಗಳ ಮುಂದಿಟ್ಟೆ. ಐದನೆಯದನ್ನು ಡಿಕ್ಕಿಯ ಹಿಂದೆ, ಬಲಮೂಲೆಯಲ್ಲಿ, ತಳ್ಳುವವರು ಕಾಲೂರುವ ಜಾಗದಲ್ಲಿಟ್ಟೆ. ರತ್ನ ಸ್ಟೀರಿಂಗ್ ಹಿಡಿದು ನಾಲ್ಕರ ಮೇಲೆ ಹತ್ತಿಸಿದಳು. ಇಳಿದು ಹಿಂದೆ ಬಂದು, ಐದನೆಯದನ್ನು ನೋಡಿ, ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಅದನ್ನು ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡು ಲೋಟ ಶರಬತ್ತು ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತಳು.

"ಭಾನುವಾರ ಹೊಲಕ್ಕೆ ಹೋಗಾಣ. ಮಳೆ ಐತಂತೆ" ಎಂದಳು.

ನಾನು ಲೋಟ ಖಾಲಿ ಮಾಡಿ, ಹಳೆಯ ಪ್ಯಾಂಟು ಎಲ್ಲಿದೆಯೆಂದು ಹುಡುಕಲು ಎದ್ದೆ.